ಗಡಿಕಲ್ಲಿನಿಂದ ಗಡಿಕಲ್ಲಿಗೆ

ಫೆಬ್ರುವರಿಯ ಎರಡನೆಯ ಬುಧವಾರ, ಬೆಳಿಗ್ಗೆ ಐದೂವರೆ. ಬಾಗಲಕೋಟೆ ನವನಗರದ ಬಸ್ ನಿಲ್ದಾಣದಲ್ಲಿ ಹಾಜರಿದ್ದವರು ಇಬ್ಬರು: ನಿವೃತ್ತ ಭೂಮಾಪಕನಾದ ನಾನು, ಮತ್ತು ಇಪ್ಪತ್ತೆರಡು ವರ್ಷ ನನ್ನ ಅಳತೆ ಸರಪಳಿಯ ಇನ್ನೊಂದು ತುದಿ ಹಿಡಿದ ಹನಮಪ್ಪ. ನನಗೆ ಅರವತ್ತೊಂಬತ್ತು, ಅವನಿಗೆ ಎಪ್ಪತ್ತೊಂದು. ಸಾಮಾನು: ಒಂದು ಡ್ರೋನ್, ಎರಡು ಬ್ಯಾಟರಿ, ಹಳೆಯ ನಕಾಶೆಯ ಪ್ರತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ.

ಹುನಗುಂದದ ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು. ಟಿಕೆಟ್ ಹರಿಯುತ್ತ ಕಂಡಕ್ಟರ್ ನನ್ನ ತೊಡೆಯ ಮೇಲಿನ ಪೆಟ್ಟಿಗೆ ತಟ್ಟಿದ.

"ಮೊಮ್ಮಗನ ಆಟಗಿ ಏನ್ರಿ, ಅಜ್ಜಾರ?"

"ಮೊಮ್ಮಗಗ ಮುಟ್ಟಾಕ ಕೊಡಂಗಿಲ್ರಿ," ಎಂದ ಹನಮಪ್ಪ. "ಸಾಹೇಬ್ರದ ಐತಿ."

ಹೊರಟ ಕಾರಣ ಇದು. ಇಳಕಲ್ ಹತ್ತಿರದ ಗುಡ್ಡವೊಂದರಲ್ಲಿ ಕುರಿ ಸಾಕುವ ಎಲ್ಲವ್ವನ ಹೊಲವಿದೆ. ಪಕ್ಕದಲ್ಲೇ ಕೆಂಪು ಗ್ರಾನೈಟ್ ಕ್ವಾರಿ. ನಡುವಿನ ಗಡಿಕಲ್ಲನ್ನು ಮೂವತ್ತು ವರ್ಷದ ಹಿಂದೆ ನೆಟ್ಟವರು ನಾವಿಬ್ಬರೇ. ಈಗ ಕ್ವಾರಿಯ ಹೊಂಡ ಆ ಕಲ್ಲನ್ನು ದಾಟಿ ಈಚೆ ಬಂದಿದೆ. ಎಲ್ಲವ್ವ ದೂರು ಕೊಟ್ಟು, ಮದುವೆ ಶೂಟಿಂಗ್ ಮಾಡುವವನೊಬ್ಬನಿಂದ ಡ್ರೋನ್ ವಿಡಿಯೊ ತೆಗೆಸಿದ್ದಳು. ಅದರಲ್ಲಿ ಕಲ್ಲು ನಡುವೆ ಕೆಲ ಕ್ಷಣ ಚೌಕಟ್ಟಿನಿಂದ ಹೊರಗೆ ಹೋಗಿತ್ತು. ಮೊದಲು ಕಂಡ ಕಲ್ಲು ಬೇರೆ, ಆಮೇಲೆ ಕಂಡದ್ದು ಬೇರೆ ಎಂದು ಕ್ವಾರಿಯವರು ವಾದಿಸಿದರು. ಕೊನೆಯ ವಿಚಾರಣೆ ಅಂದು ನಾಲ್ಕು ಗಂಟೆಗೆ, ಇಳಕಲ್ಲಿನ ತಾಲ್ಲೂಕು ಕಚೇರಿಯಲ್ಲಿ. ಕಲ್ಲು ಕ್ಷಣವೂ ಮರೆಯಾಗದ ವಿಡಿಯೊ ಸಿಗದಿದ್ದರೆ ಎಲ್ಲವ್ವನ ಹೊಲ ಹೋದಂತೆಯೇ.

ಅಮೀನಗಡದಲ್ಲಿ ಚಹಾ, ಹುನಗುಂದದಲ್ಲಿ ಬಸ್ಸು ಬದಲು, ಇಳಕಲ್ಲಿನಿಂದ ಟಂಟಂ ಆಟೊ. ಎಂಟು ಮುಕ್ಕಾಲಿಗೆ ಗುಡ್ಡದ ಬುಡದಲ್ಲಿದ್ದೆವು. ಎಲ್ಲವ್ವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಾಯುತ್ತಿದ್ದಳು. ಮಜ್ಜಿಗೆ ಕೊಟ್ಟಳು. ಕಲ್ಲು ಇದ್ದಲ್ಲೇ ಇದೆ, ದಿನಾ ಮುಟ್ಟಿ ನೋಡಿ ಬರುತ್ತೇನೆ ಎಂದಳು.

ರಸ್ತೆಯ ಬದಿಯಲ್ಲಿ ಕೂತು, ಕಲ್ಲಿನ ಸುತ್ತ ಎಂಟು ಬಿಂದುಗಳನ್ನು ಪರದೆಯ ಮೇಲೆ ಗುರುತಿಸಿದೆ. ಡ್ರೋನ್ ಒಂದೊಂದನ್ನೇ ಮುಟ್ಟುತ್ತ ತಾನೇ ಹಾರುತ್ತದೆ. ಪ್ರತಿ ಬಿಂದುವಿನಲ್ಲೂ ಕ್ಯಾಮೆರಾ ಕಲ್ಲಿನತ್ತ ಇರುವಂತೆ ಇಟ್ಟೆ. ಆದರೆ ಮೂರನೆಯದರಿಂದ ನಾಲ್ಕನೆಯದಕ್ಕೆ ಹೋಗುವ ದಾರಿಯಲ್ಲಿ ಅದು ತನ್ನ ಪಾಡಿಗೆ ತಿರುಗಿತು. ಕಲ್ಲು ಮಾಯ. ಮದುವೆ ಶೂಟಿಂಗ್ ಮಾಡುವವನ ತಪ್ಪನ್ನೇ ನಾನೂ ಮಾಡಿದ್ದೆ.

ಎರಡನೆಯ ಸಲ ಕಲ್ಲನ್ನೇ ಗುರಿಯೆಂದು ಗುರುತಿಸಿದೆ. ಈಗ ಕ್ಯಾಮೆರಾ ದಾರಿಯುದ್ದಕ್ಕೂ ಅತ್ತಲೇ ತಿರುಗಿತ್ತು, ಆದರೆ ಕಲ್ಲು ಮೇಲಂಚಿನಿಂದ ಜಾರಿಹೋಯಿತು. ಡ್ರೋನ್ ಎತ್ತರ ಎಣಿಸುವುದು ತಾನು ಎದ್ದ ನೆಲದಿಂದ. ನಾವು ಬುಡದಲ್ಲಿ, ಕಲ್ಲು ಗುಡ್ಡದ ಮೇಲೆ. ಹಾಗಾಗಿ ಕ್ಯಾಮೆರಾ ಕಲ್ಲಿಗಿಂತ ಬಹಳ ಕೆಳಗೆ ನೋಡುತ್ತಿತ್ತು. ಅಷ್ಟರಲ್ಲಿ ಒಂದು ಬ್ಯಾಟರಿ ಮುಗಿದಿತ್ತು.

"ಅಳತಿ ಕಲ್ಲಿಂದ ಸುರು ಮಾಡು ಅಂತ ನನಗ ಬೈತಿದ್ರಿ," ಎಂದ ಹನಮಪ್ಪ. "ಇವತ್ತ ನೀವ್ಯಾಕ ರಸ್ತಾದಿಂದ ಸುರು ಮಾಡೀರಿ, ಸಾಹೇಬ್ರ?"

ನಿಜ ಹೇಳುತ್ತೇನೆ. ಕಲ್ಲಿನ ಪಕ್ಕ ಕ್ವಾರಿಯ ಮ್ಯಾನೇಜರ್ ಕುರ್ಚಿ ಹಾಕಿ ಕೂತಿದ್ದ. ಜಗಳ ಬೇಡವೆಂದು ನಾನು ಕೆಳಗೇ ಉಳಿದಿದ್ದೆ. ಪೆಟ್ಟಿಗೆ ಎತ್ತಿಕೊಂಡು ಗುಡ್ಡ ಹತ್ತಿದೆ, ಹನಮಪ್ಪ ಹಿಂದೆಯೇ ಬಂದ.

"ಬಿಸಲಾಗ ಬಿದ್ದಗಿದ್ದೀರಿ, ಹಿರೇರ," ಎಂದ ಮ್ಯಾನೇಜರ್, ಕೂತಲ್ಲಿಂದಲೇ. "ಇದು ನಮ್ಮ ಜಾಗಾ. ಇಳೀರಿ."

"ಈ ಕಲ್ಲ ನಟ್ಟಾಂವ ನಾ," ಎಂದೆ. "ಹೊತ್ತ ತಂದಾಂವ ಇಂವ. ನಿಮ್ಮ ನಕಾಶಿ ತೋರಸ್ರಿ, ಇಳೀತೇವಿ."

ನಕಾಶೆ ಅವನ ಬಳಿ ಇರಲಿಲ್ಲ. ಫೋನ್ ತೆಗೆದ. ಅಷ್ಟರಲ್ಲಿ ಎಲ್ಲವ್ವ ಕುರಿಗಳನ್ನು ಮೇಲಕ್ಕೆ ಹೊಡೆದುಕೊಂಡು ಬಂದಳು. ಅವು ಕುರ್ಚಿಯನ್ನು ಸುತ್ತಿಕೊಂಡವು.

"ಕುರಿಗೆ ಮಾತ ತಿಳಿಯಂಗಿಲ್ಲಪಾ," ಎಂದಳು. "ನೀನ ಅತ್ತಾಗ ಸರಿ."

ಅವನು ಕುರ್ಚಿ ಎತ್ತಿಕೊಂಡು ಸರಿದ.

ಡ್ರೋನನ್ನು ಕಲ್ಲಿನ ಬುಡದಲ್ಲಿಟ್ಟೆ. ಕಲ್ಲಿನ ಮೇಲೆ ಉಳಿಯಿಂದ ಕೆತ್ತಿದ ಗುರುತು ಕಾಣುವಂತೆ ಇಟ್ಟು, ಅಲ್ಲಿಂದಲೇ ಚಿತ್ರೀಕರಣ ಶುರು ಮಾಡಿದೆ. ಈಗ ಸೊನ್ನೆ ಎತ್ತರವೆಂದರೆ ಕಲ್ಲಿನ ಬುಡವೇ. ಗಾಳಿ ಎದ್ದಿತ್ತು, ಉಳಿದದ್ದು ಒಂದೇ ಬ್ಯಾಟರಿ. ಡ್ರೋನ್ ಹಿಂದಕ್ಕೆ ಸರಿದು ಮೇಲೇರಿತು. ಮೂರು ದಾಟಿತು, ನಾಲ್ಕು ದಾಟಿತು. ಕಲ್ಲು ನಡುವಿನಿಂದ ಕದಲಲಿಲ್ಲ. ಅದರ ಹಿಂದೆ ಕೊರೆದ ಬಂಡೆ ತಿರುಗಿ ಬಂತು, ಆಮೇಲೆ ಎಲ್ಲವ್ವನ ಹೊಲದೊಳಗೆ ತೋಡಿದ ಹೊಂಡ. ಎಂಟೂ ಮುಗಿಸಿ ಡ್ರೋನ್ ಎದ್ದಲ್ಲೇ ಇಳಿದು, ಅದೇ ಗುರುತಿನ ಎದುರು ನಿಂತಿತು. ಸಮಯ ಹನ್ನೊಂದು ಇಪ್ಪತ್ತು.

ನಾಲ್ಕಕ್ಕೆ ಕಚೇರಿಯಲ್ಲಿ ವಿಡಿಯೊ ಹಾಕಿದರು. ಕ್ವಾರಿಯ ವಕೀಲರು ಇನ್ನೊಮ್ಮೆ ಹಾಕಿ ಎಂದರು, ಮತ್ತೊಮ್ಮೆ ಹಾಕಿ ಎಂದರು. ಮೂರನೆಯ ಸಲ ಮುಗಿದಾಗ ತಮ್ಮ ಕಡತ ಮುಚ್ಚಿದರು. ಕಲ್ಲಿನ ಈಚೆ ಕೆಲಸ ನಿಲ್ಲಿಸಿ, ಹಳೆಯ ನಕಾಶೆಯ ಮೇಲೆ ಮರು ಅಳತೆ ಮಾಡಬೇಕೆಂದು ಆದೇಶವಾಯಿತು. ಎಲ್ಲವ್ವ ಆದೇಶದ ಪ್ರತಿಯನ್ನು ಮಡಚಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು.

ಬಸ್ಸಿಗೆ ಸಮಯವಿತ್ತು. ಹನಮಪ್ಪ ಪೇಟೆಯಲ್ಲಿ ಸುಣ್ಣ ಕೊಂಡ. ಮೂವರೂ ಮತ್ತೆ ಗುಡ್ಡಕ್ಕೆ ಹೋದೆವು. ಮ್ಯಾನೇಜರ್ ಕುರ್ಚಿಯನ್ನು ಹೊಂಡದ ಆಚೆ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದ. ಹನಮಪ್ಪ ಅವಸರವಿಲ್ಲದೆ ಕಲ್ಲಿನ ನಾಲ್ಕೂ ಮುಖಕ್ಕೆ ಎರಡು ಕೈ ಸುಣ್ಣ ಬಳಿದ. ಕುರ್ಚಿಯತ್ತ ಇದ್ದ ಮುಖಕ್ಕೆ ಮಾತ್ರ ಮೂರು ಕೈ.

ಮುಗಿದಾಗ ಆರು ಹತ್ತು.