ಐದು ಮಾರು ಬಾಲ

ಕಾದ ತಂತಿ ಥರ್ಮೋಕೋಲನ್ನು ಕುಯ್ಯುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ಪ್ಲಾಸ್ಟಿಕ್ಕೂ ಅಲ್ಲ, ತಳ ಹಿಡಿದ ಹಾಲೂ ಅಲ್ಲ, ಎರಡರ ನಡುವೆ ಎಲ್ಲೋ ಇರುವಂಥದ್ದು. ನಿಮಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿಲ್ಲದಿದ್ದರೆ ನಷ್ಟವೂ ಇಲ್ಲ. ಪ್ರತಿ ವರ್ಷ ಗೌರಿಹಬ್ಬ ಹತ್ತಿರ ಬಂದಾಗ ನಮ್ಮ ಮನೆಯ ಕೆಳಗಿನ ಶೆಡ್ಡಿನಲ್ಲಿ ಮಂಜುನಾಥ ಎಂಬಾತ ಗಣಪತಿ ಮಂಟಪಕ್ಕೆ ಕಮಾನು, ಗೋಪುರ ಕುಯ್ಯಲು ಕೂರುತ್ತಾನೆ. ವಾಸನೆ ಮೆಟ್ಟಿಲು ಹತ್ತಿ ನೇರ ನನ್ನ ಕೋಣೆಗೆ ಬರುತ್ತದೆ. ನಾನು ಕಿಟಕಿ ಮುಚ್ಚುತ್ತೇನೆ. ಮಳೆಗಾಲದಲ್ಲಿ ಒಳಗೆ ಹರವಿದ ಬಟ್ಟೆ ಮುಗ್ಗಲು ಹಿಡಿಯುತ್ತದೆಂದು ನನ್ನ ಹೆಂಡತಿ ತೆಗೆಯುತ್ತಾಳೆ. "ವಯಸ್ಸಾದ ಮೇಲೆ ನಿಮ್ಮ ಕಿವಿ ಮಂದವಾಯ್ತು, ಮೂಗು ಚುರುಕಾಯ್ತು" ಅನ್ನುತ್ತಾಳೆ. ಇರಬಹುದು. ಆದರೆ ಆ ವಾಸನೆಗೆ ನಾನು ಕಿಟಕಿ ಮುಚ್ಚುತ್ತಿದ್ದದ್ದು ಮೂಗಿನ ಕಾರಣಕ್ಕಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ನಾನು ಹಾಸನದಲ್ಲಿ ಮನೆ ಮಾಡಿಕೊಂಡು ದಿನವೂ ಅರಕಲಗೂಡಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಹುಟ್ಟಿದ್ದು ಹೊಳೆನರಸೀಪುರದಲ್ಲಿ, ಗುಡಿಯ ಗಂಟೆ ಕೇಳುತ್ತಲೇ ಎದ್ದು ಮಲಗುವ ಮನೆಯಲ್ಲಿ. ಅಂಥ ಮನೆಯ ಮಗ ಮಧ್ಯವಯಸ್ಸಿನಲ್ಲಿ ರಿಮೋಟಿನಿಂದ ಹಾರಿಸುವ ವಿಮಾನ ಕಟ್ಟಿ, ಅದರಲ್ಲಿ ಇನ್ನೊಬ್ಬರ ವಿಮಾನದ ಮೇಲೆ ಯುದ್ಧಕ್ಕೆ ಹೋಗುತ್ತಾನೆಂದರೆ ನಂಟರು ಏನೆಂದಾರು? "ಪಾಪ, ಮೊದಲಿಂದಲೂ ಹಾಗೇ" ಅಂದರು. ಯುದ್ಧವೆಂದರೆ ಇಷ್ಟೇ. ಪ್ರತಿ ವಿಮಾನದ ಹಿಂದೆ ಬಣ್ಣದ ಕಾಗದದ ಉದ್ದನೆಯ ಬಾಲ. ನಿಮ್ಮ ವಿಮಾನದ ಮೂತಿಯಲ್ಲಿ ಫ್ಯಾನಿನಂತೆ ಸುತ್ತುವ ರೆಕ್ಕೆಯಿಂದ ಎದುರಾಳಿಯ ಬಾಲ ಕತ್ತರಿಸಬೇಕು, ನಿಮ್ಮದನ್ನು ಉಳಿಸಿಕೊಳ್ಳಬೇಕು. ಎಷ್ಟೋ ಸಲ ಬಾಲದ ಬದಲು ವಿಮಾನವೇ ವಿಮಾನಕ್ಕೆ ಗುದ್ದಿ ಎರಡೂ ಪುಡಿಯಾಗಿ ಬೀಳುತ್ತಿದ್ದವು. ಅದಕ್ಕೇ ಫೋಮಿನಲ್ಲಿ, ಅಂದರೆ ಇದೇ ಥರ್ಮೋಕೋಲಿನಂಥದ್ದರಲ್ಲಿ, ಕಟ್ಟುತ್ತಿದ್ದದ್ದು. ಭಾನುವಾರ ಮುರಿದದ್ದನ್ನು ಬುಧವಾರದೊಳಗೆ ಅಂಟಿಸಬಹುದಿತ್ತು.

ಹಾರಿಸಲು ಹೋಗುತ್ತಿದ್ದದ್ದು ಬೂವನಹಳ್ಳಿಯ ಬಯಲಿಗೆ. ಅಲ್ಲಿ ವಿಮಾನ ನಿಲ್ದಾಣ ಬರುತ್ತದೆ, ಬಂದೇಬಿಟ್ಟಿತು ಎಂದು ಊರೆಲ್ಲ ಮಾತಾಡುತ್ತಿತ್ತು. ನಾವು ಹೋಗುವಾಗ ಅಲ್ಲಿ ಇರುತ್ತಿದ್ದದ್ದು ಹುಲ್ಲು, ಎಮ್ಮೆ ಮತ್ತು ಗಾಳಿ. ಆ ನೆಲದಲ್ಲಿ ಮೊದಲು ಇಳಿದ ವಿಮಾನ ನಮ್ಮದೇ ಎಂದು ನಾನು ಈಗಲೂ ಜಂಬ ಕೊಚ್ಚುವುದುಂಟು.

ಬೋರಣ್ಣ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಹಾಸನ–ಅರಕಲಗೂಡು ಬಸ್ಸಿನ ಡ್ರೈವರ್ ಅವರು. ಶಾಂತಿಗ್ರಾಮದ ಕಡೆಯ ಒಕ್ಕಲು ಮನೆತನ, ಅಗಲ ಭುಜ, ಗಟ್ಟಿ ಗಂಟಲು. ಒಂದು ದಿನ ಶಾಲೆಯಲ್ಲಿ ತೋರಿಸಲೆಂದು ಒಂದು ರೆಕ್ಕೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಹತ್ತಿದೆ. ಕಂಡಕ್ಟರು ಟಾಪಿಗೆ ಹಾಕಿ ಎಂದ. ನಾನು ಒಲ್ಲೆ ಎಂದೆ. ಜಗಳ ಕೇಳಿ ಬೋರಣ್ಣ ಹಿಂತಿರುಗಿದರು.

"ಏನ್ ಮೇಷ್ಟ್ರೇ ಅದು, ಮಗೀನಂಗೆ ಇಡ್ಕಂಡಿದ್ದೀರಿ?"

"ವಿಮಾನದ ರೆಕ್ಕೆ."

"ಆರ್ತದಾ?"

"ಹಾರುತ್ತೆ."

"ಇಂಗ್ ಕೊಡಿ" ಎಂದು ತೆಗೆದುಕೊಂಡು ತಮ್ಮ ಸೀಟಿನ ಹಿಂದೆ ನಿಲ್ಲಿಸಿದರು. ಮುಂದಿನ ಭಾನುವಾರ ಬಯಲಿನಲ್ಲಿ ಹಾಜರು. ತಿಂಗಳು ಕಳೆಯುವುದರೊಳಗೆ ನನ್ನನ್ನು ಸೋಲಿಸಿದರು. ಚನ್ನರಾಯಪಟ್ಟಣದಿಂದ ಬರುತ್ತಿದ್ದ ಗೆಳೆಯರನ್ನೂ ಸೋಲಿಸಿದರು. ನಾನು ಗಾಳಿಯ ಒತ್ತಡ, ಗುರುತ್ವಕೇಂದ್ರ ಎಂದು ಪುಸ್ತಕ ಬಿಚ್ಚುವಷ್ಟರಲ್ಲಿ ಅವರ ವಿಮಾನ ನನ್ನ ಬಾಲ ತಿಂದಿರುತ್ತಿತ್ತು.

ರೆಕ್ಕೆ ಕುಯ್ಯುವುದು ಇಬ್ಬರ ಕೆಲಸ. ಬಿಲ್ಲಿನಂಥ ಚೌಕಟ್ಟಿಗೆ ತಂತಿ ಕಟ್ಟಿ, ಕರೆಂಟು ಕೊಟ್ಟು ಕಾಯಿಸಿ, ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಒಂದೇ ವೇಗದಲ್ಲಿ ಎಳೆಯಬೇಕು. ಒಬ್ಬರು ತಡೆದರೂ ಅವರ ಕಡೆ ಫೋಮು ಕರಗಿ ಹಳ್ಳ ಬೀಳುತ್ತದೆ. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಕೂಗುವ ಹಾಗೆ ಬೋರಣ್ಣ ಕೂಗುತ್ತಿದ್ದರು: "ಬರ್ಲಿ... ಬರ್ಲಿ... ಬರ್ಲಿ..." ನಾನೂ ದನಿ ಸೇರಿಸುತ್ತಿದ್ದೆ. ತಂತಿ ಕೊನೆ ಮುಟ್ಟಿದ ಕೂಡಲೇ ಅವರೊಬ್ಬರೇ "ಓಲ್ಡಾನ್!" ದಿನ ಕಳೆದಂತೆ ಎರಡೂ ಕಡೆ ಕಾಗದ ಅಂಟಿಸಿದ ಫೋಮ್ ಬೋರ್ಡು ಬೆಂಗಳೂರಿನಿಂದ ಸಿಗತೊಡಗಿತು, ಚಾಕುವಿನಲ್ಲಿ ಗೀರಿ ಮಡಿಸಿದರೆ ರೆಕ್ಕೆ. ಆದರೂ ಕೆಲವು ರೆಕ್ಕೆಗಳನ್ನು ಹಳೆಯ ಕ್ರಮದಲ್ಲೇ ಕುಯ್ಯುತ್ತಿದ್ದೆವು. ಕೂಗುವ ಆಸೆಗೆ ಇರಬೇಕು.

ಬಾಲ ಕಟ್ಟುತ್ತಿದ್ದದ್ದು ಅವರ ಹೆಂಡತಿ ಜಯಮ್ಮ. ಹೂವು ಅಳೆದಂತೆ ಕೈ ಚಾಚಿ ಕಾಗದ ಅಳೆಯುತ್ತಿದ್ದರು, ವಿಮಾನಕ್ಕೆ ಎರಡು ಮಾರು. ಅದು ನಮ್ಮೊಳಗಿನ ಒಪ್ಪಂದ. ಬಾಲ ಉದ್ದವಾದಷ್ಟೂ ಎದುರಾಳಿಗೆ ಸುಲಭದ ತುತ್ತು. ಯಾರಾದರೂ ಬೇಕೆಂದೇ ಉದ್ದ ಕಟ್ಟಿಕೊಂಡು ಬಂದರೆ, "ತಾಕತ್ತಿದ್ದರೆ ಮುಟ್ಟು" ಎಂಬ ಕೊಬ್ಬು ಅದು.

ಇನ್ನೊಂದು ಪದ್ಧತಿ ಇತ್ತು. ಕಾದಾಡುವ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಒಬ್ಬನಿಗೆ ಸೂರ್ಯ ಕಣ್ಣಿಗೆ ಹೊಡೆದರೆ ಇನ್ನೊಬ್ಬನಿಗೂ ಹೊಡೆಯಲಿ ಎಂದು. ಬೋರಣ್ಣ ಯಾವಾಗಲೂ ಬಲಕ್ಕೆ, ನಾನು ಎಡಕ್ಕೆ. "ಡ್ರೈವರ್ ಸೀಟು ಬಲಗಡೇಗೇ ಇರ್ಬೇಕು" ಅನ್ನುತ್ತಿದ್ದರು. ಗೆದ್ದವನು ಕತ್ತರಿಸಿದ ಬಾಲವನ್ನು ತನ್ನ ಗಾಡಿಯ ಹ್ಯಾಂಡಲಿಗೆ ಕಟ್ಟಿಕೊಂಡು ಊರೊಳಗೆ ಹೋಗುವುದು. ಅವರ ಮೊಪೆಡ್ಡಿನ ಹ್ಯಾಂಡಲು ಬಹುಕಾಲ ಮದುವೆ ಚಪ್ಪರದ ಹಾಗಿತ್ತು.

ಆಮೇಲೆ ಅವರು ಸೋಲತೊಡಗಿದರು. ಮೊದಮೊದಲು ನನಗೆ ಖುಷಿಯೇ ಆಯಿತು, ಸುಳ್ಳೇಕೆ? "ಎಡಕ್ಕೆ ಎಳೀತಾ ಅದೆ ಕಣ್ರೀ ಮೇಷ್ಟ್ರೇ, ಆ ಕಡೀಕ್ ಓದ್ರೆ ಕೈಗೇ ಸಿಗಾಕಿಲ್ಲ" ಎಂದರು. ನಾವು ವಿಮಾನ ಬಿಚ್ಚಿದೆವು. ಬ್ಯಾಟರಿಯನ್ನು ಬಲಕ್ಕೆ ಸರಿಸಿದೆವು. ರೆಕ್ಕೆಯ ಅಂಚನ್ನು ಏರಿಸಿ ಇಳಿಸುವ ಪುಟ್ಟ ಮೋಟಾರನ್ನು ಬದಲಿಸಿದೆವು. ಎಡರೆಕ್ಕೆಗೆ ಕೆಂಪು ಬಣ್ಣ ಬಳಿದೆವು, ಸಾಲದೆಂದು ಕಪ್ಪು ಪಟ್ಟೆ ಹೊಡೆದೆವು. ಹೊಸ ವಿಮಾನ ಕಟ್ಟಿದೆವು, ಅದೂ ಎಡಕ್ಕೇ ಹೋಗಿ ಬಿತ್ತು. ಫೋಮು ಸರಿಯಿಲ್ಲ, ಅಂಟು ಸರಿಯಿಲ್ಲ, ಬೂವನಹಳ್ಳಿಯ ಗಾಳಿಯೇ ತಿರುಗಿದೆ ಎಂದು ಏನೆಲ್ಲ ಪಂಡಿತರ ಹಾಗೆ ಮಾತಾಡಿದೆವು! ವಿಮಾನದ ಹುಚ್ಚಿನವರು ಮಾತ್ರ ಮಾಡಬಹುದಾದ ತಪ್ಪು ಅದು. ದೋಷ ಎಲ್ಲಿದೆ ಎಂದರೆ ವಿಮಾನದಲ್ಲೇ ಇರಬೇಕು ಎಂದು ತಿಂಗಳುಗಟ್ಟಲೆ ನಂಬಿ, ನೆಟ್ಟಗಿದ್ದ ವಿಮಾನಗಳನ್ನು ಸೊಟ್ಟ ಮಾಡುತ್ತ ಕೂತಿದ್ದೆವು.

ಆ ನಡುವೆ ಒಂದು ಬೆಳಿಗ್ಗೆ ಅರಕಲಗೂಡು ರಸ್ತೆಯಲ್ಲಿ ಬಸ್ಸು ಒಂದು ಹಾಲಿನ ಸೈಕಲ್ಲಿಗೆ ಸವರಿತು. ನಾನು ಮುಂದಿನ ಸೀಟಿನಲ್ಲಿದ್ದೆ. ಸೈಕಲ್ಲು ರಸ್ತೆಯ ಎಡ ಅಂಚಿನಲ್ಲಿ ತನ್ನ ಪಾಡಿಗೆ ಹೋಗುತ್ತಿತ್ತು. ಕ್ಯಾನು ಉರುಳಿ ಹಾಲೆಲ್ಲ ಮೋರಿಗೆ ಹರಿಯಿತು. ಹಾಲಿನವನು ಬೇಲಿಯ ಮೇಲೆ ಬಿದ್ದು ಎದ್ದ. ಬೋರಣ್ಣ ಇಳಿದು, "ಎಲ್ಲಿಂದ್ ನುಗ್ದಯ್ಯಾ ನೀನು?" ಎಂದು ಗದರಿದರು. ಅವನು ಎಲ್ಲಿಂದಲೂ ನುಗ್ಗಿರಲಿಲ್ಲ. ನಾನು ನೋಡಿದ್ದೆ, ಆದರೆ ಏನನ್ನು ನೋಡಿದೆ ಎಂದು ಆಗ ತಿಳಿಯಲಿಲ್ಲ.

ತಿಳಿದದ್ದು ಅದಾದ ಮುಂದಿನ ಭಾನುವಾರ. ಕಾದಾಟದ ನಡುವೆ ನನ್ನ ಭುಜಕ್ಕೆ ಅವರ ಭುಜ ಮತ್ತೆ ಮತ್ತೆ ಗುದ್ದುತ್ತಿತ್ತು. ತಿರುಗಿ ನೋಡಿದರೆ, ಕಾಳು ಹುಡುಕುವ ಕೋಳಿಯ ಹಾಗೆ ಅವರು ಇಡೀ ತಲೆಯನ್ನು ಎಡಕ್ಕೆ ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ಅವರ ವಿಮಾನ ಸುತ್ತಿ ಬಂದು ಅವರ ಎಡಗಾಲಿನ ಪಕ್ಕದಲ್ಲೇ ಬಿತ್ತು. ಅವರು ದೂರದ ಹುಲ್ಲಿನ ಕಡೆ ಕಣ್ಣಾಡಿಸುತ್ತ, "ಎಲ್ಲ್ ಬಿತ್ತು ಮೇಷ್ಟ್ರೇ?" ಎಂದರು.

ನನಗೆ ಆ ಹಾಲಿನ ಸೈಕಲ್ಲು ನೆನಪಾಯಿತು.

"ನಿಮ್ಮ ಕಾಲ ಹತ್ತಿರ ಇದೆ ಬೋರಣ್ಣ. ಎಡಗಡೆ."

ಅವರು ಬಗ್ಗಿ ಕೈಯಿಂದ ತಡವಿ ಎತ್ತಿಕೊಂಡರು.

"ಕಣ್ಣು ತೋರಿಸಬೇಕು" ಎಂದೆ.

"ಕಣ್ಗೇನಾಗದೆ? ಡಿಪೋದಲ್ಲಿ ಬೋರ್ಡಿಟ್ಟು ಓದ್ಸವ್ರೆ. ಕಡೇ ಸಾಲ್ ಗಂಟ ಓದಿವ್ನಿ."

"ಎದುರಿಗೆ ಇರೋದು ಕಾಣುತ್ತೆ. ಎಡಗಡೆ ಕಾಣ್ತಿಲ್ಲ ನಿಮಗೆ. ಆ ಹಾಲಿನವನು ಕಾಣಲಿಲ್ಲ."

"ಮೇಷ್ಟ್ರೇ, ನೀವು ಇಸ್ಕೂಲಲ್ಲಿ ಪಾಠ ಏಳಿ. ಸ್ಟೇರಿಂಗ್ ಇಡ್ಯೋನು ನಾನು."

ಆ ಬಸ್ಸಿನ ಎಡಗಡೆಯಲ್ಲೇ ನಮ್ಮ ಶಾಲೆಯ ಮಕ್ಕಳು ಕಾದು ನಿಲ್ಲುತ್ತಿದ್ದದ್ದು. ವಿಮಾನವನ್ನು ಮೊಪೆಡ್ಡಿಗೆ ಕಟ್ಟುತ್ತ ಅವರೇ ಕೇಳಿದರು:

"ಡಿಪೋಗೆ ಏಳ್ತೀರಾ?"

"ನೀವು ಹೇಳದಿದ್ರೆ ನಾನು ಹೇಳಬೇಕಾಗುತ್ತೆ."

"ಅಂಗಾ? ಬರೋ ಬಾನ್ವಾರ ಬನ್ನಿ. ಎಡಗಡೆಯಿಂದ್ಲೇ ಬನ್ನಿ. ಮೂರ್ ಸತಿ ನನ್ ಬಾಲ ಕುಯ್ದ್ರೆ ನಾನೇ ಓಗಿ ಏಳ್ಬುಡ್ತೀನಿ. ಇಲ್ದಿದ್ರೆ ನೀವು ಬಾಯ್ ಮುಚ್ಕಂಡಿರ್ಬೇಕು."

"ಈ ವಾರ ಬಸ್ಸು?"

"ರಜ ಆಕ್ತೀನಿ ಬುಡಿ."

ಭಾನುವಾರ ಬೋರಣ್ಣ ತಂದ ವಿಮಾನದ ಬಾಲ ಬಿಚ್ಚುತ್ತ ಹೋದರೆ ಮುಗಿಯಲೇ ಇಲ್ಲ. ಐದು ಮಾರು! ನನಗೆ ಮೈ ಉರಿಯಿತು. ಇಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ಕೊಬ್ಬೇ ಎಂದುಕೊಂಡೆ. ಭುಜಕ್ಕೆ ಭುಜ ತಾಗಿಸಿ ನಿಂತೆವು. ನನ್ನ ಕೈ ನಡುಗುತ್ತಿತ್ತು. ಅವರ ವಿಮಾನ ಏರಿತು, ಹಿಂದೆ ಹಳದಿ ಬಾಲ ಆಕಾಶದಲ್ಲಿ ಗೆರೆ ಎಳೆಯಿತು. ನಾನು ದೂರದಿಂದ ಸುತ್ತು ಹಾಕಿ ಎಡದಿಂದ ಬಂದೆ. ಅವರು ತಪ್ಪಿಸಿಕೊಳ್ಳಲಿಲ್ಲ, ಕಾಣಲಿಲ್ಲವಲ್ಲ. ಒಂದು ತುಂಡು ಬಿತ್ತು. ಮತ್ತೆ ಎಡದಿಂದ ಬಂದೆ, ಇನ್ನೊಂದು ಬಿತ್ತು. ಮೂರನೆಯ ಸಲ ಹೋಗುವಾಗ, ನಿದ್ದೆ ಮಾಡುವವರ ಜೇಬಿಗೆ ಕೈ ಹಾಕಿದ ಹಾಗೆ ಅಸಹ್ಯವಾಯಿತು. ಆದರೂ ಹೋದೆ. ಕತ್ತರಿಸಿದೆ.

ಅವರು ವಿಮಾನವನ್ನು ಎದುರಿಗೆ ತಂದು ಇಳಿಸಿದರು. ಎಷ್ಟು ಚೆಂದದ ಇಳಿತ! ಎದುರಿಗಿದ್ದದ್ದನ್ನು ಅವರಷ್ಟು ಚೆನ್ನಾಗಿ ನೋಡುವವರು ನಮ್ಮಲ್ಲಿ ಯಾರೂ ಇರಲಿಲ್ಲ.

"ಸರಿ ಬುಡಿ" ಎಂದು ರಿಮೋಟನ್ನು ನನ್ನ ಸ್ಕೂಟರಿನ ಸೀಟಿನ ಮೇಲಿಟ್ಟರು. ಮೊಪೆಡ್ಡನ್ನು ಸ್ಟಾರ್ಟ್ ಮಾಡಲಿಲ್ಲ. ತಳ್ಳಿಕೊಂಡೇ ರಸ್ತೆಯವರೆಗೂ ನಡೆದರು, ಆಮೇಲೂ ತಳ್ಳಿಕೊಂಡೇ ಹೋದರು. ನಾನು ಹಳದಿ ತುಂಡುಗಳನ್ನು ಹ್ಯಾಂಡಲಿಗೆ ಕಟ್ಟಲಿಲ್ಲ.

ಮಾರನೆಯ ದಿನ ಅವರೇ ಡಿಪೋಗೆ ಹೋಗಿ ಹೇಳಿದರಂತೆ. ಕಣ್ಣಿನ ಡಾಕ್ಟರು, ಎಡಗಣ್ಣಿನ ನರ ಒಣಗಿದೆ, ಬಲಗಣ್ಣಿಗೂ ಹಿಡಿದಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದರಂತೆ. ಅವರನ್ನು ಸ್ಟೇರಿಂಗಿನಿಂದ ಇಳಿಸಿ ಟಯರುಗಳ ಕೋಣೆಯಲ್ಲಿ ಕೂರಿಸಿದರು. ಕೆಲವು ವರ್ಷಗಳಲ್ಲಿ ಅದಕ್ಕೂ ಆಗದ ಹಾಗೆ ಪೂರ್ತಿ ಕತ್ತಲಾಯಿತು. ನಾನು ಮನೆಗೆ ಹೋದಾಗ ಜಯಮ್ಮ "ಮೇಷ್ಟ್ರು ಬಂದವ್ರೆ" ಎಂದರೆ ಅವರು ಗೋಡೆಯ ಕಡೆ ತಿರುಗಿ, "ಕಾಪಿ ಕೊಟ್ ಕಳ್ಸು" ಎನ್ನುತ್ತಿದ್ದರು. ಕಾಫಿ ಒಳ್ಳೆಯದೇ ಇರುತ್ತಿತ್ತು. ಕುಡಿದು ಬರುತ್ತಿದ್ದೆ. ಕೊನೆಗೆ ಹೋಗುವುದನ್ನು ಬಿಟ್ಟೆ. ಹಾರಿಸುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ.

ಈ ವರ್ಷ ಬೇಸಿಗೆಯಲ್ಲಿ ಬೋರಣ್ಣ ತೀರಿಕೊಂಡರು. ತಿಥಿಯ ದಿನ ಶಾಂತಿಗ್ರಾಮಕ್ಕೆ ಹೋಗಿ ಊಟದ ಪಂಕ್ತಿಯ ಕೊನೆಯಲ್ಲಿ ಕೂತಿದ್ದೆ. ಜಯಮ್ಮ ಬಂದು ಪಕ್ಕದಲ್ಲಿ ಕೂತರು. ಏನೋ ಮಾತಾಡುತ್ತ, ನಡುವೆ ಸುಮ್ಮನೆ ಅಂದರು:

"ಅವತ್ತು ಬೆಳಿಗ್ಗೆ ಐದ್ ಮಾರು ಬಾಲ ಕಟ್ಟು ಅಂದ್ರು ಮೇಷ್ಟ್ರೇ. ಯಾವಾಗ್ಲೂ ಎಲ್ಡ್ ಮಾರಲ್ವಾ, ಇದ್ಯಾಕ್ ಇಷ್ಟುದ್ದ ಅಂದೆ. 'ಮೇಷ್ಟ್ರು ಕೈ ನಡುಗ್ತದೆ ಕಣೇ. ಗುರಿ ತಪ್ಬಾರ್ದು' ಅಂದ್ರು."

ನನ್ನ ತುತ್ತು ಕೈಯಲ್ಲೇ ಉಳಿಯಿತು. ಕಣ್ಣಿನ ವಿಷಯ ಬೋರಣ್ಣನಿಗೆ ಗೊತ್ತಿತ್ತು. ನನಗಿಂತ ಮೊದಲೇ ಗೊತ್ತಿತ್ತೇನೋ. ತಾವಾಗಿ ಸ್ಟೇರಿಂಗ್ ಬಿಡಲಾರದೆ ನನ್ನ ಕೈಯಿಂದ ಬಿಡಿಸಿಕೊಂಡರು, ಆಮೇಲೆ ಆ ಕೈಯನ್ನು ಕ್ಷಮಿಸಲಿಲ್ಲ. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಒಂದು ಮಾತು ಹೇಳಬಾರದಿತ್ತೇ? ಇಷ್ಟು ವರ್ಷ ಅವರ ಬದುಕನ್ನು ಕತ್ತರಿಸಿದವನು ನಾನು ಎಂದುಕೊಂಡು ಕಿಟಕಿ ಮುಚ್ಚುತ್ತ ಕೂತೆನಲ್ಲ! ಬಸ್ಸಿನಲ್ಲಿ ಹಾಸನ ಮುಟ್ಟುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಉಳಿದದ್ದಕ್ಕೆ ಹೆಸರು ಕೊಡಲು ನನಗೆ ಬರುವುದಿಲ್ಲ.

ನಿನ್ನೆ ಮತ್ತೆ ಆ ವಾಸನೆ ಮೇಲೆ ಬಂತು. ಕಿಟಕಿಯ ಹತ್ತಿರ ಹೋದವನು ಮುಚ್ಚದೆ ಕೆಳಗಿಳಿದೆ. ಮಂಜುನಾಥ ಉದ್ದನೆಯ ತಂತಿಯನ್ನು ಒಬ್ಬನೇ ಎಳೆಯಲು ಹೋಗಿ ಕಮಾನನ್ನು ಹಳ್ಳ ಮಾಡಿಕೊಂಡಿದ್ದ.

"ಇದು ಇಬ್ಬರ ಕೆಲಸ ಕಣಪ್ಪ" ಎಂದೆ.

"ಗೊತ್ತು ಸಾರ್. ಯಾರವ್ರೆ ಇಡ್ಕಳಕ್ಕೆ?"

ನಾನು ಎಡಗಡೆಯ ತುದಿ ಹಿಡಿದೆ. ತಂತಿ ಫೋಮಿನೊಳಗೆ ಇಳಿಯಿತು, ಹೊಗೆ ಎದ್ದಿತು. ನನಗೆ ತಿಳಿಯದೆಯೇ ಕೂಗತೊಡಗಿದ್ದೆ, "ಬರ್ಲಿ... ಬರ್ಲಿ... ಬರ್ಲಿ..." ಮಂಜುನಾಥ ನಗುತ್ತ ಹೆಜ್ಜೆ ಹಾಕಿದ. ತಂತಿ ಕೊನೆ ಮುಟ್ಟಿ ಹೊರಗೆ ಬಂತು. ಆಗ ಕೂಗಬೇಕಾದ 'ಓಲ್ಡಾನ್' ನನ್ನದಲ್ಲ, ಬೋರಣ್ಣನದು. ಮಂಜುನಾಥ ತಂತಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ನಾನು ಬಲಗಡೆಗೆ ಕಿವಿ ಕೊಟ್ಟು ನಿಂತೇ ಇದ್ದೆ.