ಅಗಲ ಪಾದದ ಬೂಟು

ಬಸವನ ಬಾಗೇವಾಡಿಯಲ್ಲಿ ನಮ್ಮದು ಕೂಡು ಕುಟುಂಬ. ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವಳಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ದಿನಾ ನಡೆಯಲು ಹೇಳಿದರು. ಒಬ್ಬಳೇ ಹೋಗಲು ಅವಳಿಗೆ ಸಂಕೋಚ, ಹಾಗಾಗಿ ನಾನೂ ಜೊತೆಯಾದೆ. ಬೆಳಗಿನ ಚಹಾಕ್ಕೆ ಮೊದಲೇ ಇಂಗಳೇಶ್ವರದ ರಸ್ತೆ ಹಿಡಿದು ಹೊರಡುತ್ತಿದ್ದೆವು.

ಒಂದು ದಿನ ದಾರಿಯಲ್ಲಿ ದಪ್ಪ ಹನಿ ಬೀಳತೊಡಗಿ, ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಮನೆತನಕ ಓಡಿದೆವು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಅಕ್ಕನ ಮುಖದಲ್ಲಿ ನಾನು ಹಿಂದೆಂದೂ ಕಾಣದ ನಗು.

"ನಾಳೆ ಮಳಿ ಬರಲಿಲ್ಲಂದ್ರೂ ಓಡೂಣೇನ?" ಎಂದಳು.

ಓಡಿದೆವು. ಸೀರೆ ಹೋಗಿ ಚೂಡಿದಾರ ಬಂತು, ಚಪ್ಪಲಿ ಹೋಗಿ ಬೂಟು ಬಂದವು. ಅಕ್ಕ ತನಗೊಂದು ಜೊತೆ ಆರಿಸಿಕೊಂಡಳು: ತೆಳು ಅಡಿಯ, ಹಗುರವಾದ ನೀಲಿ ಬೂಟು. ಚೆಂದ ಕಂಡವೆಂದು ನಾನೂ ಅಂಥವನ್ನೇ ಕೊಂಡೆ. ಅವಳದು ಜೋಳದ ದಂಟಿನಂಥ ಮೈ. ನಾನು ತೂಕದವಳು, ಪಾದವೂ ಅಗಲ. ಅಂಗಡಿಯಲ್ಲೇ ಕಿರುಬೆರಳು ಒತ್ತುತ್ತಿತ್ತು. ಹಾಕಿಕೊಳ್ಳುತ್ತ ಸಡಿಲವಾಗುತ್ತದೆ ಎಂದುಕೊಂಡೆ.

ನಾನು ಕಲಿಸುವ ಶಾಲೆಗೆ ರಜೆ ಬಿಟ್ಟಾಗ ನಮಗೆ ಹುರುಪು ಏರಿತು. ದಾರಿಯ ಹಳ್ಳದ ಸೇತುವೆ ಮುಟ್ಟಿ ತಿರುಗಿ ಬರುತ್ತಿದ್ದವರು ಒಮ್ಮೆಲೇ ಅದರ ದುಪ್ಪಟ್ಟು ದೂರ ಓಡತೊಡಗಿದೆವು. ರಜೆ ಮುಗಿಯುವಷ್ಟರಲ್ಲಿ ನನ್ನ ಎರಡೂ ಮೊಣಕಾಲ ಕೆಳಗಿನ ಮುಂದಿನ ಎಲುಬು ಉದ್ದಕ್ಕೂ ನೋಯಲು ಶುರುವಾಯಿತು. ಮಸೂತಿ ಎಂಬ ಊರಿನ ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳುತ್ತೇನೆ, ದಿನವಿಡೀ ನಿಂತೇ ಇರಬೇಕು. ಸಂಜೆ ಬಸ್ಸಿನ ಮೆಟ್ಟಿಲು ಹತ್ತುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

"ದಪ್ಪ ಮೈಯವ್ರು ಓಡಬಾರದ್ರಿ ಮೇಡಂ, ಎಲುಬು ಸೀಳತಾವ," ಎಂದರು ಜೊತೆಯ ಶಿಕ್ಷಕಿಯೊಬ್ಬರು. ಆ ಮಾತು ಎದೆಯಲ್ಲಿ ಕುಳಿತಿತು. ನೋವಿಗಿಂತ ಓಟ ತಪ್ಪೀತೆಂಬ ಅಂಜಿಕೆಯೇ ದೊಡ್ಡದು. ಹತ್ತಾರು ಮಂದಿಯ ಮನೆಯಲ್ಲಿ ಆ ಬೆಳಗಿನ ಹೊತ್ತು ಮಾತ್ರ ನಮ್ಮಿಬ್ಬರದಾಗಿತ್ತು.

ಅಕ್ಕನಿಗೆ ಹೇಳಿದೆ. ಅವಳು ಮರುದಿನವೇ ನನ್ನನ್ನು ವಿಜಯಪುರದ ಬಸ್ಸು ಹತ್ತಿಸಿ ತಾನೂ ಹತ್ತಿದಳು. ಹೊರಡುವಾಗ ನನ್ನ ಬೂಟುಗಳನ್ನೂ ಚೀಲಕ್ಕೆ ತುರುಕಿದಳು.

ಎಲುಬಿನ ಡಾಕ್ಟರು ಹೆಬ್ಬೆರಳಿನಿಂದ ಕಾಲುದ್ದಕ್ಕೂ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಅವರು ಅದನ್ನು ಬೆಳಕಿಗೆ ಹಿಡಿದಾಗ ಅಕ್ಕ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಎಲುಬಿಗೇನೂ ಆಗಿಲ್ರಿ. ಸುತ್ತಲ ಮಾಂಸಖಂಡ ದಣದಾವ, ಅಷ್ಟ."

"ಓಡಬಹುದೇನ್ರಿ?" ನನಗಿಂತ ಮೊದಲು ಅಕ್ಕ ಕೇಳಿದಳು.

"ನೋವು ಹೋಗೋತನಕ ಬ್ಯಾಡ. ಆಮ್ಯಾಲ ಓಡ್ಲಿ. ದೂರ ಮಾತ್ರ ಸಾವಕಾಶ ಹೆಚ್ಚಿಸ್ರಿ." ಬಳಿಕ ಬೂಟು ಕೈಗೆತ್ತಿಕೊಂಡು ರೊಟ್ಟಿ ಮಡಚಿದಂತೆ ಮಡಚಿದರು. "ಇವು ನಿಮ್ಮ ಪಾದಕ್ಕ ಇಕ್ಕಟ್ಟು, ನಿಮ್ಮ ಮೈಗೆ ಭಾಳ ತೆಳು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಂಗಿಲ್ಲ. ಹಾಕ್ಕೊಂಡು ಓಡಿ ನೋಡ್ರಿ, ಹಿತ ಅನ್ನಿಸಿದ್ದು ತಗೋರಿ."

ಹೊರಬಂದು ಬೇವಿನ ಮರದ ಕೆಳಗೆ ಕೂತು ಅತ್ತುಬಿಟ್ಟೆ. ಅಕ್ಕ ಗದರಿದಳು. "ಏನೂ ಆಗಿಲ್ಲ ಅಂದಾರ, ಈಗ್ಯಾಕ ಅಳತಿ?" ಅವಳ ಕಣ್ಣೂ ಒದ್ದೆಯಾಗಿತ್ತು.

ಸಂಜೆಯಾಗುತ್ತಿತ್ತು. ದಿನವಿಡೀ ಓಡಾಡಿ ಪಾದ ಕೊಂಚ ಊದಿತ್ತು. ಓಡುವಾಗಲೂ ಪಾದ ಹೀಗೇ ಊದುತ್ತದೆ, ಬೂಟು ನೋಡಲು ಅದೇ ಸರಿಯಾದ ಹೊತ್ತು ಎಂದು ಅಂಗಡಿಗೆ ಹೋದೆವು. ಮೊದಲು ತೋರಿಸಿದ ಗುಲಾಬಿ ಬೂಟಿನ ಅಡಿ ಹತ್ತಿಯಷ್ಟು ಮೆತ್ತಗೆ, ನಿಂತರೆ ಹಿಮ್ಮಡಿ ಆಚೀಚೆ ವಾಲುತ್ತಿತ್ತು. ಮುಂದಿನದರಲ್ಲಿ ಬೆರಳು ಒಂದರ ಮೇಲೊಂದು ಏರಿದವು. ಹೆಂಗಸರ ಕಪಾಟು ಮುಗಿಯಿತು.

"ಗಂಡಸರವು ತೋರಸ್ರಿ," ಎಂದಳು ಅಕ್ಕ.

ಅಂಗಡಿಯಾತ ಅನುಮಾನಿಸಿದ. "ಅವು ಗಂಡಸರವು ಅದಾವ್ರಿ, ಅಕ್ಕಾರ."

"ಹಾಕ್ಕೊಳ್ಳೋದು ಕಾಲಿಗೆ. ಕಾಲಿಗೇನು ಮೀಸಿ ಇರತಾವೇನ್ರಿ?"

ಆತ ನಗುತ್ತ ಒಂದು ಬೂದು ಬಣ್ಣದ ಜೊತೆ ತಂದ. ನೋಡಲು ಏನೂ ಚೆಂದವಿಲ್ಲ. ಕಾಲಿಟ್ಟರೆ ಬೆರಳುಗಳು ಹಾಯಾಗಿ ಹರಡಿಕೊಂಡವು, ಮುಂದೆ ಹೆಬ್ಬೆರಳಗಲ ಜಾಗ ಉಳಿಯಿತು, ಹಿಮ್ಮಡಿ ಅಲುಗಲಿಲ್ಲ. ಆಟೋಗಳ ನಡುವೆ ಅಂಗಡಿಯ ಮುಂದಿನ ರಸ್ತೆಯಲ್ಲೇ ಓಡಿ ನೋಡಿದೆ. ಬಾಳೆಹಣ್ಣಿನ ಗಾಡಿಯವಳು ಬೆರಗಾಗಿ ನೋಡಿದಳು. ನಾನು ಇನ್ನೊಂದು ಸುತ್ತು ಓಡಿದೆ.

ನೋವು ಪೂರ್ತಿ ಇಳಿಯುವವರೆಗೆ ಬರೀ ನಡೆದೆವು. ಅಕ್ಕನೂ ಓಡಲಿಲ್ಲ. ಬಳಿಕ ಸ್ವಲ್ಪ ಓಟ, ಸ್ವಲ್ಪ ನಡಿಗೆ. ಕೊನೆಗೊಂದು ಬೆಳಗ್ಗೆ ನಡುವೆ ಎಲ್ಲೂ ನಿಲ್ಲದೆ ಸೇತುವೆ ಮುಟ್ಟಿ ಬಂದೆ. ಆದರೂ ನಂಬಿಕೆಯಿಲ್ಲ. ಯಾವಾಗಲೂ ನೋವು ಬರುತ್ತಿದ್ದದ್ದು ಓಡಿ ಬಂದ ಮೇಲೆಯೇ.

ಅಂದು ಶಾಲೆಯಲ್ಲಿ ಮಧ್ಯಾಹ್ನದವರೆಗೆ ಕಾದೆ. ಮೆಟ್ಟಿಲು ಹತ್ತಿದೆ, ಇಳಿದೆ, ಸುಮ್ಮನೆ ಮತ್ತೊಮ್ಮೆ ಹತ್ತಿದೆ. ಏನೂ ಇಲ್ಲ. ಶಿಕ್ಷಕರ ಕೋಣೆಯಿಂದ ಅಕ್ಕನಿಗೆ ಫೋನು ಮಾಡಿದೆ. ಅವಳು ನಮ್ಮ ಹಿಟ್ಟಿನ ಗಿರಣಿಯಲ್ಲಿದ್ದಳು.

"ಏನ? ಕೇಳವಲ್ದು!" ಗಿರಣಿ ಸದ್ದಿನ ಮೇಲೆ ಕೂಗಿದಳು.

"ಕಾಲು ನೋಯವಲ್ದು, ಅಕ್ಕಾ!" ನಾನೂ ಕೂಗಿದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಗಿರಣಿ ನಿಂತಿತು. ಆ ನಿಶ್ಶಬ್ದದಲ್ಲಿ ಅವಳು ಉದ್ದವಾಗಿ ಉಸಿರು ಬಿಟ್ಟದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಚಲೋ ಆತು ಬಿಡವಾ," ಎಂದಳು. "ನಾ ಒಬ್ಬಾಕಿನ ಹೆಂಗ ಓಡಲಿ ಅಂತ ನನಗ ನಿದ್ದಿ ಇರಲಿಲ್ಲ."