ಬಸ್‌ಸ್ಟಾಪಿನಿಂದ ಕಂಡ ಅಂಗಳ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕುಮಟಾದ ಮನೆಯ ಅಂಗಳವನ್ನು ಹೊಸದಾಗಿ ಮಾಡಲು ಬಂದ ಮೇಸ್ತ್ರಿಯೊಬ್ಬರು ಮೊದಲ ದಿನ ಗುದ್ದಲಿ ಮುಟ್ಟಲೇ ಇಲ್ಲ. ರಸ್ತೆಯಾಚೆಯ ಬಸ್‌ಸ್ಟಾಪಿನಲ್ಲಿ ಮಧ್ಯಾಹ್ನದವರೆಗೆ ನಮ್ಮ ಮನೆ ನೋಡುತ್ತ ಕೂತಿದ್ದರು. ಶಾಲೆಯ ಮಾಸ್ತರರಾದ ಅಪ್ಪನಿಗೆ ಸಿಟ್ಟು ಬಂತು.

"ಕೂತ್ಕಂಡು ನೋಡ್ಬೇಕು ಮಾಸ್ತರ್ರೆ," ಎಂದರು ಮೇಸ್ತ್ರಿ, ತಲೆಯ ಟುವಾಲು ಬಿಚ್ಚಿ ಮತ್ತೆ ಕಟ್ಟುತ್ತ. ಏನು ಕೇಳಿದರೂ ಅವರದು ಇದೇ ಮಾತು, ಇದೇ ಟುವಾಲು.

ಅಂಗಳದ ನಟ್ಟನಡುವೆ ನೆಂಟರಿಗೆಂದು ಕಲ್ಲುಬೆಂಚು ಹಾಕಿಸುವುದು ಅಪ್ಪನ ಆಸೆ. ಮೇಸ್ತ್ರಿ ಬೆಂಚನ್ನು ಮಾವಿನ ಮರದ ಬುಡಕ್ಕೆ ಸರಿಸಿದರು. "ನೆಂಟ್ರು ಕೂರ್ತಾರೆ, ಓಡೂದಿಲ್ಲ. ನಡು ಜಾಗ ಅವ್ರಿಗೆ ಎಂತಕ್ಕೆ?"

ರಸ್ತೆಯ ಬದಿಗೆ ಉದ್ದಕ್ಕೂ ದಾಸವಾಳದ ಕೋಲು ನೆಟ್ಟರು. ಅವು ಬೆಳೆದು ಬೇಲಿಯಾಗುವವರೆಗೆ ಮರೆಗಿರಲೆಂದು ತೆಂಗಿನ ಮಡಲು ಹೆಣೆದು ಎತ್ತರದ ತಟ್ಟಿ ಕಟ್ಟಿದರು.

ಆಗ ನಾನು ಹದಿಮೂರರ ಹುಡುಗಿ. ಬಸ್ಸಿಗೆ ಕಾಯುವವರು ನೋಡುತ್ತಾರೆಂದು ಅಂಗಳದಲ್ಲಿ ಶಟ್ಲ್‌ಕಾಕ್ ಆಡುವುದನ್ನೇ ಬಿಟ್ಟಿದ್ದೆ. ಮನೆಯಲ್ಲಿ ಮಾತ್ರ ಓದು ಜಾಸ್ತಿ ಎಂದಿದ್ದೆ. ನಾನು ತಲೆ ತಗ್ಗಿಸಿ ಅಂಗಳ ದಾಟುವುದು ಆ ಅರ್ಧ ದಿನದಲ್ಲಿ ಅವರ ಕಣ್ಣಿಗೆ ಬಿದ್ದಿರಬೇಕು.

ಕೆಲಸ ಮುಗಿದ ಸಂಜೆ ಅವರು ಕೈತೊಳೆದು, ಜಗಲಿಯ ಮೊಳೆಗೆ ತೂಗುತ್ತಿದ್ದ ರಾಕೆಟ್ ತೆಗೆದು ನನ್ನ ಕೈಗಿಟ್ಟರು. ಹೋಗಿ ಮತ್ತೆ ಬಸ್‌ಸ್ಟಾಪಿನಲ್ಲಿ ಕೂತರು. ಅಮ್ಮ ಸೆರಗು ಸಿಕ್ಕಿಸಿ ಇನ್ನೊಂದು ರಾಕೆಟ್ ಹಿಡಿದಳು.

ತಟ್ಟಿಯ ಆಚೆಯಿಂದ ಕೂಗು ಕೇಳಿತು. "ಆಡು ತಂಗೀ! ಮೇಲೆ ಹಾರೂ ಕಾಕ್ ಬಿಟ್ರೆ ಎಂತದೂ ಕಾಣೂದಿಲ್ಲ!"

ಮುಂದಿನದನ್ನು ನಾನು ಅವರಿಗೆ ಚೆನ್ನಾಗಿ ಕಾಣುವಷ್ಟು ಎತ್ತರಕ್ಕೆ ಹೊಡೆದೆ.